ಗೌಚಿ: ಸೊಪ್ಪಿನಿಂದ ಹಣ್ಣಿನವರೆಗೆ

ಚೀನಾದ ಔಷಧ ಪರಂಪರೆಯ ಅತಿ ಹಳೆಯ ಮೂಲಿಕಾ ಗ್ರಂಥ ‘ಶೆನ್‌ನೋಂಗ್ ಬೆನ್‌ತ್ಸಾವ್ ಜಿಂಗ್’. ಕ್ರಿ.ಶ. 1–2ನೇ ಶತಮಾನದ ಪೂರ್ವ ಹಾನ್ ಕಾಲದಲ್ಲಿ ಸಂಕಲನಗೊಂಡಿತೆಂದು ವಿದ್ವಾಂಸರು ಸಾಮಾನ್ಯವಾಗಿ ಒಪ್ಪುವ ಈ ಗ್ರಂಥದ ಮೂಲ ಪ್ರತಿ ಉಳಿದಿಲ್ಲ. ನಂತರದವರು ಉದ್ಧರಿಸಿದ ಭಾಗಗಳಿಂದ ಅದನ್ನು ಮತ್ತೆ ಕಟ್ಟಿಕೊಳ್ಳಲಾಗಿದೆ. ವಿಷವಿಲ್ಲದ, ಬಹುಕಾಲ ಸೇವಿಸಬಹುದಾದ ಉತ್ತಮ ವರ್ಗದ ಮೂಲಿಕೆಗಳ ಸಾಲಿನಲ್ಲಿ ಅಲ್ಲಿ ಗೌಚಿ ಇದೆ. ಅದರ ರುಚಿ ಕಹಿ, ಗುಣ ಶೀತ ಎಂದೂ, ಅದು ಎಲುಬು ಸ್ನಾಯುಗಳನ್ನು ಗಟ್ಟಿಮಾಡಿ ಮುಪ್ಪನ್ನು ದೂರವಿಡುತ್ತದೆ ಎಂದೂ ಹೇಳಿದೆ. ಇಂದು ನಮ್ಮ ಪೇಟೆಗಳಲ್ಲೂ ಗೋಜಿ ಬೆರಿ, ವುಲ್ಫ್‌ಬೆರಿ ಎಂಬ ಹೆಸರಿನಲ್ಲಿ ಸಿಗುವ ಅದರ ಒಣಗಿದ ಕೆಂಪು ಹಣ್ಣನ್ನು ಬಾಯಿಗಿಟ್ಟವರಿಗೆ ಈ ಮಾತು ವಿಚಿತ್ರವೆನಿಸುತ್ತದೆ. ಹಣ್ಣು ಸಿಹಿ. ಕಹಿ ಇರುವುದು ಎಲೆಯಲ್ಲಿ.

ಈ ತೊಡಕನ್ನು ಸ್ಪಷ್ಟವಾಗಿ ಬಿಡಿಸಿಟ್ಟವನು ಮಿಂಗ್ ಕಾಲದ ಲೀ ಶಿಜೆನ್. 1578ರಲ್ಲಿ ಮುಗಿದು 1596ರಲ್ಲಿ ನಾನ್‌ಜಿಂಗ್‌ನಲ್ಲಿ ಅಚ್ಚಾದ ‘ಬೆನ್‌ತ್ಸಾವ್ ಗಾಂಗ್‌ಮು’ವಿನಲ್ಲಿ ಅವನು, ಹಳೆಯ ಗ್ರಂಥ ಗೌಚಿ ಎಂದಷ್ಟೇ ಹೇಳಿ ಬೇರು, ಎಲೆ, ಹಣ್ಣುಗಳನ್ನು ಬೇರ್ಪಡಿಸಲಿಲ್ಲ ಎಂಬುದನ್ನು ಗುರುತಿಸುತ್ತಾನೆ. ಅವನ ಪ್ರಕಾರ ಚಿಗುರೆಲೆ ಕಹಿಮಿಶ್ರಿತ ಸಿಹಿ ಮತ್ತು ತಂಪು, ಬೇರು ಶೀತ, ಹಣ್ಣು ಸಿಹಿ ಮತ್ತು ಸಮಗುಣದ್ದು. ಅಂದಮೇಲೆ ಹಳೆಯ ಗ್ರಂಥಗಳ ಹೊಗಳಿಕೆಯನ್ನೆಲ್ಲ ಇಂದಿನ ಒಣಹಣ್ಣಿನ ಲೆಕ್ಕಕ್ಕೆ ಬರೆಯುವುದು ಸರಿಯಲ್ಲ. ಗೌಚಿಯ ಚರಿತ್ರೆಯನ್ನು ಹಣ್ಣಿನಿಂದ ಹಿಂದಕ್ಕೆ ಓದುವ ರೂಢಿ ಬಲವಾಗಿದೆ; ಅದನ್ನು ಸೊಪ್ಪಿನಿಂದ ಮುಂದಕ್ಕೆ ಓದಬೇಕು ಎಂಬುದು ಈ ಲೇಖನದ ವಾದ.

ಸಸ್ಯಶಾಸ್ತ್ರದ ಒಂದು ವಿವರ ಇಲ್ಲಿ ಅಗತ್ಯ. ಗೌಚಿ ಎಂಬ ಹೆಸರಿನಡಿ ಎರಡು ಪ್ರಭೇದಗಳಿವೆ: 1753ರಲ್ಲಿ ಲಿನೇಯಸ್ ಹೆಸರಿಸಿದ ಲೈಸಿಯಂ ಬಾರ್ಬರಮ್ ಮತ್ತು 1768ರಲ್ಲಿ ಫಿಲಿಪ್ ಮಿಲ್ಲರ್ ಹೆಸರಿಸಿದ ಲೈಸಿಯಂ ಚೈನೆನ್ಸ್. ಎರಡೂ ಬದನೆ, ಟೊಮ್ಯಾಟೊಗಳ ಕುಟುಂಬದವು. ಚೈನೆನ್ಸ್ ಚೀನಾದ ಪೂರ್ವ ಮತ್ತು ದಕ್ಷಿಣದ ಬಯಲುಗಳಲ್ಲಿ, ಹಾಳುಗೋಡೆ ಬೇಲಿಗಳ ಪಕ್ಕದಲ್ಲಿ ತಾನಾಗಿ ಬೆಳೆಯುವ ಗಿಡ. ಬಾರ್ಬರಮ್ ವಾಯವ್ಯದ ಒಣನಾಡಿನದು. ಇದೇ ಕುಟುಂಬದ ಗಣಿಕೆ ಸೊಪ್ಪನ್ನು ಹಿತ್ತಲಿನಿಂದ ಕಿತ್ತು ಸಾರು ಮಾಡುವ ಕನ್ನಡದ ಮನೆಗಳಿಗೆ, ಪೂರ್ವ ಚೀನಾದವರು ಗೌಚಿಯನ್ನು ಹೇಗೆ ಕಂಡರು ಎಂಬುದನ್ನು ಹೆಚ್ಚು ವಿವರಿಸಬೇಕಿಲ್ಲ.

ಏಳನೇ ಶತಮಾನದ ವೈದ್ಯ ಸುನ್ ಸಿಮಿಯಾವ್ ತನ್ನ ‘ಚಿಯಾನ್‌ಜಿನ್ ಯಿಫಾಂಗ್’ನಲ್ಲಿ ಗೌಚಿ ನೆಡುವ ವಿಧಾನವನ್ನೇ ಬರೆದಿದ್ದಾನೆ. ನೆಲ ಹದಮಾಡಿ, ಗೊಬ್ಬರ ಹಾಕಿ, ಸಾಲು ತೆಗೆದು ಬೆಳೆಸಿ, ಚಿಗುರನ್ನು ಮತ್ತೆ ಮತ್ತೆ ಕೊಯ್ಯುವ ಕ್ರಮ ಅದು. ಇದು ಸೊಪ್ಪಿನ ಮಡಿಯ ಬೇಸಾಯವೇ ಹೊರತು ಹಣ್ಣಿನ ತೋಟದ್ದಲ್ಲ. ವೈದ್ಯನೊಬ್ಬ ತರಕಾರಿ ಬೇಸಾಯವನ್ನು ಔಷಧ ಗ್ರಂಥದೊಳಗೆ ಸೇರಿಸಿದ್ದು ಆ ಕಾಲದ ಆಹಾರ–ಔಷಧ ಸಂಬಂಧಕ್ಕೆ ಒಳ್ಳೆಯ ಸಾಕ್ಷ್ಯ.

ಸಾಹಿತ್ಯದ ಸಾಕ್ಷ್ಯ ಇನ್ನೂ ಸಮೃದ್ಧವಾಗಿದೆ. ತಾಂಗ್ ಕಾಲದ ಕೊನೆಯಲ್ಲಿ ಕವಿ ಲು ಗುಯಿಮೆಂಗ್ ತಾನು ಗೌಚಿ ಮತ್ತು ಸೇವಂತಿಗೆಯ ಎಲೆಗಳನ್ನು ತಿಂದು ಬದುಕುವುದಾಗಿ, ಬೇಸಿಗೆಯಲ್ಲಿ ಎಲೆ ಬಲಿತು ಕಹಿಯಾದರೂ ಬಿಡುವುದಿಲ್ಲವೆಂದು ಬರೆದ. ಎರಡು ಶತಮಾನಗಳ ನಂತರ ಸೋಂಗ್ ಕಾಲದ ಮಹಾಕವಿ ಸು ಶಿ ಇದನ್ನು ಮೊದಲು ನಂಬಲಿಲ್ಲ. ಪಂಡಿತನಿಗೆ ಬಡತನ ಬಂದೀತು, ಹಾಗೆಂದು ಗಿಡಗಂಟಿ ತಿನ್ನುವಷ್ಟೇ? ಎಂದು ಅವನಿಗೆ ಅನಿಸಿತ್ತು. 1070ರ ದಶಕದಲ್ಲಿ ಮಿಝೌ ಪ್ರಾಂತ್ಯಕ್ಕೆ ಅಧಿಕಾರಿಯಾಗಿ ಹೋದಾಗ ಅವನ ಅಡುಗೆಮನೆಯೇ ಬರಿದಾಯಿತು. ಸಹೋದ್ಯೋಗಿಯೊಡನೆ ಹಳೆಯ ಕೋಟೆಯ ಪಾಳುತೋಟಗಳಲ್ಲಿ ಅದೇ ಎರಡು ಸೊಪ್ಪುಗಳನ್ನು ಹುಡುಕಿ ತಿಂದದ್ದನ್ನು ಅವನೇ ದಾಖಲಿಸಿದ್ದಾನೆ. ಹುಯಿಝೌನಲ್ಲಿ ಗಡೀಪಾರಿನಲ್ಲಿದ್ದಾಗ ತನ್ನ ಪುಟ್ಟ ತೋಟದ ಐದು ಗಿಡಗಳ ಮೇಲೆ ಬರೆದ ಪದ್ಯಗಳಲ್ಲಿ ಒಂದು ಗೌಚಿಯದು. ದಕ್ಷಿಣ ಸೋಂಗ್ ಕಾಲದ ಕವಿ ಲು ಯೂನ ಬೆಳಗಿನ ಊಟದಲ್ಲಿ ಗೌಚಿಯ ಸಾರು ಬರುತ್ತದೆ. ಅದೇ ಯುಗದ ಲಿನ್ ಹೋಂಗ್ ತನ್ನ ‘ಶಾನ್‌ಜಿಯಾ ಚಿಂಗ್‌ಗೋಂಗ್’ ಎಂಬ ಪಾಕಗ್ರಂಥದಲ್ಲಿ ಎಳೆಯ ಕಳಲೆ, ಚಿಕ್ಕ ಅಣಬೆ, ಗೌಚಿಯ ಕುಡಿ ಈ ಮೂರನ್ನು ಉಪ್ಪುನೀರಿನಲ್ಲಿ ಬಾಡಿಸಿ ಎಣ್ಣೆ, ಮೆಣಸು, ವಿನೆಗರ್ ಬೆರೆಸುವ ಪಾಕ ಕೊಡುತ್ತಾನೆ. ಬೇಯಿಸಿ ಮೆತ್ತಗೆ ಮಾಡದೆ ಗರಿಗರಿ ಉಳಿಸುವುದೇ ಈ ಪಾಕದ ಜೀವ.

ಸೊಪ್ಪಿನ ಸಾಮಾಜಿಕ ಸ್ಥಾನವನ್ನು ಅತ್ಯಂತ ಚೆಲುವಾಗಿ ತೋರಿಸುವುದು 18ನೇ ಶತಮಾನದ ಕಾದಂಬರಿ ‘ಕೆಂಪು ಮಹಲಿನ ಕನಸು’. ಅದರ 61ನೇ ಅಧ್ಯಾಯದಲ್ಲಿ ಸಿರಿವಂತ ಮನೆಯ ಥಾನ್‌ಛುನ್ ಮತ್ತು ಬಾವ್‌ಚಾಯ್‌ಗೆ ಎಣ್ಣೆ ಉಪ್ಪಿನಲ್ಲಿ ಹುರಿದ ಗೌಚಿ ಚಿಗುರು ತಿನ್ನುವ ಆಸೆಯಾಗುತ್ತದೆ. ಅಡುಗೆಯವಳಿಗೆ 500 ಕಾಸು ಕಳಿಸುತ್ತಾರೆ. ಇಪ್ಪತ್ತು ಮೂವತ್ತು ಕಾಸಿನ ಪಲ್ಯಕ್ಕೆ ಇಷ್ಟು ದುಡ್ಡೇ ಎಂದು ಅವಳು ನಗುತ್ತಾಳೆ. ಸು ಶಿಗೆ ಬಡತನದ ಆಹಾರವಾಗಿದ್ದದ್ದು ಇಲ್ಲಿ ಮೃಷ್ಟಾನ್ನದಿಂದ ಬೇಸತ್ತ ನಾಲಿಗೆಯ ಬಯಕೆಯಾಗಿದೆ. ಬೆಲೆ ಮಾತ್ರ ಅಗ್ಗವಾಗಿಯೇ ಉಳಿದಿದೆ.

ಹಾಗಾದರೆ ಹಣ್ಣು ಮುಂದಕ್ಕೆ ಬಂದದ್ದು ಹೇಗೆ? ಉತ್ತರ ಭೂಗೋಳದಲ್ಲಿದೆ. 11ನೇ ಶತಮಾನದ ವಿದ್ವಾಂಸ ಶೆನ್ ಕುವೋ, ಶಾನ್‌ಶಿಯ ಗಡಿಯಂಚಿನ ಗೌಚಿ ಮುಳ್ಳಿಲ್ಲದೆ ಕಂಬಕ್ಕಾಗುವಷ್ಟು ದಪ್ಪ ಬೆಳೆಯುತ್ತದೆ, ಬೇರೆಡೆಯದಕ್ಕಿಂತ ರುಚಿಕರ ಎಂದು ಬರೆದ. ಪೂರ್ವದ ಕುರುಚಲು ಗಿಡಕ್ಕೆ ಈ ವರ್ಣನೆ ಹೊಂದದು; ಅವನು ಹೇಳುತ್ತಿರುವುದು ಬಾರ್ಬರಮ್ ಬಗ್ಗೆ ಎಂದು ನನ್ನ ತೀರ್ಮಾನ. ಲೀ ಶಿಜೆನ್‌ನ ಹೊತ್ತಿಗೆ ಗಾನ್‌ಝೌ ಸುತ್ತಿನ ಹಣ್ಣು ಶ್ರೇಷ್ಠವೆನಿಸಿತ್ತು: ದುಂಡಗೆ, ಬೀಜ ಕಡಿಮೆ, ಒಣಗಿದರೂ ಕೆಂಪು ಮಾಸದೆ ದ್ರಾಕ್ಷಿಯಂತೆ ತಿನ್ನಬಹುದಾದದ್ದು. 18ನೇ ಶತಮಾನದ ಝೋಂಗ್‌ವೇ ಜಿಲ್ಲಾ ದಾಖಲೆಯಲ್ಲಿ ನಿಂಗ್‌ಆನ್ ಸುತ್ತ ಮನೆಮನೆಗೂ ಗೌಚಿ ತೋಟವಿದ್ದ ಮಾತು ಬರುತ್ತದೆ. ಅದೇ ಇಂದಿನ ನಿಂಗ್‌ಶಿಯಾದ ಝೋಂಗ್‌ನಿಂಗ್. ವರ್ಷಕ್ಕೆ 200 ಮಿ.ಮೀ. ಆಸುಪಾಸಿನ ಮಳೆ, ಸುಡುಬಿಸಿಲು, ಬೇರಿಗೆ ಹಳದಿ ನದಿಯ ಕಾಲುವೆ ನೀರು. ರಸ ತುಂಬಿದ, ತೆಳುಸಿಪ್ಪೆಯ ಈ ಹಣ್ಣು ಮಳೆ ಬಿದ್ದರೆ ಕಪ್ಪಾಗಿ ಕೊಳೆಯುತ್ತದೆ. ತೇವದ ದಕ್ಷಿಣದಲ್ಲಿ ಎಲೆ ಸೊಂಪಾಗಿ ಬಂದೀತು, ಹಣ್ಣು ಒಣಗಿಸುವುದು ಕಷ್ಟ. ಒಣಹಣ್ಣು ಹಗುರ, ಕೆಡದು, ದೂರದ ಪೇಟೆಗೆ ಸಾಗುತ್ತದೆ. ಸೊಪ್ಪು ಕಿತ್ತ ದಿನವೇ ಒಲೆಗೇರಬೇಕು. ಹಣ್ಣು ಗೆದ್ದದ್ದು ಮುಖ್ಯವಾಗಿ ವ್ಯಾಪಾರದ ಈ ಅನುಕೂಲದಿಂದ.

ಔಷಧವಾಗಿ ಹಣ್ಣಿನ ಕೆಲಸ ಯಕೃತ್ತು ಮತ್ತು ಮೂತ್ರಪಿಂಡಗಳ ಪೋಷಣೆ, ಕಣ್ಣಿನ ತಿಳಿ. ಚೀನೀ ವೈದ್ಯದಲ್ಲಿ ಇವು ಅಂಗಗಳಷ್ಟೇ ಅಲ್ಲ, ಅವುಗಳ ಸುತ್ತ ಕಟ್ಟಿದ ಶಕ್ತಿವ್ಯವಸ್ಥೆಗಳು: ಕಣ್ಣು ಯಕೃತ್ತಿನ ಪಾಲಿಗೆ, ಸೊಂಟ, ಮೊಳಕಾಲು ಮತ್ತು ಸಂತಾನಶಕ್ತಿ ಮೂತ್ರಪಿಂಡದ ಪಾಲಿಗೆ. ಮನೆ ಬಿಟ್ಟು ದೂರ ಹೋಗುವ ಗಂಡಸು ಗೌಚಿ ತಿನ್ನಬಾರದೆಂಬ ಜನರ ಮಾತನ್ನು 5–6ನೇ ಶತಮಾನದ ವೈದ್ಯಪಂಡಿತ ತಾವ್ ಹೋಂಗ್‌ಜಿಂಗ್ ದಾಖಲಿಸಿದ್ದು ಈ ಕಾರಣಕ್ಕೇ. ಬೇರಿನ ತೊಗಟೆ ‘ದಿಗುಪಿ’ಯ ದಾರಿ ಬೇರೆ, ಅದು ಒಳಜ್ವರ ಇಳಿಸುವ ಮದ್ದು. 12ನೇ ಶತಮಾನದ ಆರಂಭದ ಮಕ್ಕಳ ವೈದ್ಯ ಚಿಯಾನ್ ಯಿಯ ಕೆಮ್ಮಿನ ಯೋಗದಲ್ಲಿ ದಿಗುಪಿಯೊಡನೆ ಹಿಪ್ಪುನೇರಳೆ ಬೇರಿನ ತೊಗಟೆ, ಜ್ಯೇಷ್ಠಮಧು ಮತ್ತು ಒಂದಿಷ್ಟು ಅಕ್ಕಿ ಸೇರುತ್ತವೆ. ಇಂದಿನ ಚೀನೀ ಔಷಧಕೋಶ ಹಣ್ಣಿಗೆ ಬಾರ್ಬರಮ್ ಒಂದನ್ನೇ ಒಪ್ಪುತ್ತದೆ, ದಿನದ ಪ್ರಮಾಣ 6ರಿಂದ 12 ಗ್ರಾಂ. ತೊಗಟೆಗೆ ಎರಡೂ ಪ್ರಭೇದ ಸಲ್ಲುತ್ತವೆ. ಎಲೆಗೆ ಅದರಲ್ಲಿ ಸ್ಥಾನವಿಲ್ಲ.

ಅಡುಗೆಯಲ್ಲಿ ಎಲೆ ಇನ್ನೂ ಗಟ್ಟಿಯಾಗಿ ನಿಂತಿರುವುದು ಗುವಾಂಗ್‌ಡಾಂಗ್‌ನಲ್ಲಿ. ಮುಳ್ಳುಕಡ್ಡಿಯಿಂದ ಎಲೆ ಬಿಡಿಸಿ, ತೆಳುವಾಗಿ ಹೆಚ್ಚಿದ ಹಂದಿ ಲಿವರ್ ಜೊತೆ ಕುದಿವ ಸಾರಿಗೆ ಹಾಕಿ ಕೂಡಲೇ ಇಳಿಸುತ್ತಾರೆ. ಕಣ್ಣಿಗೆ ಒಳ್ಳೆಯದೆಂಬ ನಂಬಿಕೆ ಇಲ್ಲೂ ಇದೆ. ಹಣ್ಣಿನ ಬಳಕೆ ವಿಸ್ತಾರವಾದದ್ದು: ಗಂಜಿಯಲ್ಲಿ, ಹಬೆಯಲ್ಲಿ ಬೆಂದ ಕೋಳಿಯ ಮೇಲೆ, ಕೆಂಪು ಖರ್ಜೂರವೆಂದು ಕರೆಯುವ ಚೀನೀ ಬೋರೆಹಣ್ಣಿನೊಡನೆ ಗಂಟೆಗಟ್ಟಲೆ ಕಾಯುವ ಸಾರುಗಳಲ್ಲಿ, ಸೇವಂತಿಗೆಯ ಚಹಾದಲ್ಲಿ, ನಿಂಗ್‌ಶಿಯಾದ ಹುಯಿ ಮುಸ್ಲಿಮರ ಎಂಟು ಪದಾರ್ಥ ಬೆರೆತ ಚಹಾದಲ್ಲಿ. ಬಲ್ಲವರು ತೊಳೆದ ಹಣ್ಣನ್ನು ಕೊನೆಯ ಹತ್ತು ಹದಿನೈದು ನಿಮಿಷಕ್ಕೆ ಮಾತ್ರ ಸೇರಿಸುತ್ತಾರೆ. ಹೆಚ್ಚು ಕುದಿದರೆ ಅದು ಒಡೆದು ಸಾರಿಗೆ ಹುಳಿ ಬಿಡುತ್ತದೆ.

ಕಣ್ಣಿನ ಕುರಿತ ಪರಂಪರೆಯ ಮಾತಿಗೆ ಪ್ರಯೋಗಾಲಯದಲ್ಲಿ ಸ್ವಲ್ಪ ಆಸರೆ ಸಿಕ್ಕಿದೆ. ಹಣ್ಣಿನ ಕೆಂಪಿಗೆ ಮುಖ್ಯ ಕಾರಣವಾದ ಝಿಯಾಕ್ಸಾಂಥಿನ್ ನಮ್ಮ ಅಕ್ಷಿಪಟಲದ ನಡುಭಾಗದಲ್ಲೂ ಇರುವ ವಸ್ತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ಸಂಶೋಧಕರು 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 45ರಿಂದ 65 ವಯಸ್ಸಿನವರು 90 ದಿನ, ವಾರಕ್ಕೆ ಐದು ಬಾರಿ 28 ಗ್ರಾಂ ತಿಂದಾಗ ಆ ಭಾಗದ ವರ್ಣದ್ರವ್ಯ ಹೆಚ್ಚಿತು. ಭಾಗವಹಿಸಿದವರು ಒಟ್ಟು 27 ಮಂದಿ. ಇಷ್ಟರಿಂದ ರೋಗ ತಡೆಯುತ್ತದೆ ಎನ್ನಲಾಗದು. ಝಿಯಾಕ್ಸಾಂಥಿನ್ ಕೊಬ್ಬಿನಲ್ಲಿ ಕರಗುವುದರಿಂದ, ಬರೀ ನೀರಿನ ಚಹಾಕ್ಕಿಂತ ಕೋಳಿಸಾರು ಅದನ್ನು ಮೈಗೆ ಹತ್ತಿಸಲು ಹೆಚ್ಚು ತಕ್ಕದ್ದು. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತೆಗೆದುಕೊಳ್ಳುವವರ ವಿಷಯ ಬೇರೆ. ಗೌಚಿಯ ಚಹಾ ಕುಡಿದವರಲ್ಲಿ ಆ ಮದ್ದಿನ ಪರಿಣಾಮ ಮಿತಿಮೀರಿದ ಪ್ರಕರಣಗಳು 2001ರಿಂದ ವೈದ್ಯಕೀಯ ಪತ್ರಿಕೆಗಳಲ್ಲಿ ವರದಿಯಾಗಿವೆ. ಅಂಥವರು ವೈದ್ಯರನ್ನು ಕೇಳದೆ ಇದನ್ನು ತಿನ್ನಬಾರದು.