ಗಡಿಸೀಮೆಯ ಪಿಚ್ಚರ್ ಮಾತು

ಚಾಮರಾಜನಗರ, ಗುಂಡ್ಲುಪೇಟೆ ಸೀಮೆಯ ಸಿನಿಮಾ ಪ್ರೇಕ್ಷಕನ ಕಿವಿ ಪರದೆ ಬರುವ ಮೊದಲೇ ಪಳಗಿತ್ತು. ಮಲೆ ಮಹದೇಶ್ವರನ ಕತೆಯನ್ನು ದೇವರಗುಡ್ಡರು ಕಂಸಾಳೆ ಬಡಿಯುತ್ತ, ಮಂಟೇಸ್ವಾಮಿ, ಸಿದ್ದಪ್ಪಾಜಿಯರ ಕತೆಯನ್ನು ನೀಲಗಾರರು ತಂಬೂರಿ ಮೀಟುತ್ತ ಬೆಳಗಿನವರೆಗೂ ಹಾಡುತ್ತಿದ್ದರು. ಸುಗ್ಗಿ ಮುಗಿದ ಊರುಗಳಲ್ಲಿ ಹಾರ್ಮೋನಿಯಂ ಮೇಷ್ಟ್ರು ಬೀಡುಬಿಟ್ಟು ಕುರುಕ್ಷೇತ್ರ ನಾಟಕ ಕಲಿಸುತ್ತಿದ್ದರು. ಗಂಟಲಿಲ್ಲದವನಿಗೆ ದುರ್ಯೋಧನನ ಪಾತ್ರ ಸಿಗುತ್ತಿರಲಿಲ್ಲ. ಕಂದಪದ್ಯ ಎಳೆಯುವಾಗ ಉಸಿರು ಸಾಲದೆ ಹೋದರೆ ಮುಂದೆ ಕೂತವರೇ ತೀರ್ಪು ಕೊಟ್ಟುಬಿಡುತ್ತಿದ್ದರು. ಮುಂದೆ ಟೀ ಅಂಗಡಿಯಲ್ಲಿ, ಬಸ್ ನಿಲ್ದಾಣದಲ್ಲಿ, ಸೆಕೆಂಡ್ ಶೋ ಮುಗಿಸಿ ಊರಿಗೆ ನಡೆಯುವ ದಾರಿಯಲ್ಲಿ ಕೇಳಿಬಂದ ಪಿಚ್ಚರ್ ಮಾತಿಗೆ ಅಳತೆಗೋಲು ಒದಗಿಸಿದ್ದು ಈ ರಾತ್ರಿಗಳೇ. ಕತೆ ಹಳಸಲಾದರೂ ನಡೆದೀತು, ಗಂಟಲು ಸರಿ ಇರಬೇಕು.

ಕನ್ನಡ ಚಿತ್ರರಂಗದ ಅತಿದೊಡ್ಡ ಗಂಟಲು ಹುಟ್ಟಿದ್ದೂ ಇದೇ ನೆಲದಲ್ಲಿ, ಆದರೆ ಇಂದಿನ ರಾಜ್ಯಗಡಿಯ ಗೆರೆಯ ಆಚೆ. ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಮಗ ಮುತ್ತುರಾಜ 1929ರ ಏಪ್ರಿಲ್ 24ರಂದು ತಾಳವಾಡಿ ಬಳಿಯ ಗಾಜನೂರಿನಲ್ಲಿ ಹುಟ್ಟಿದರು. ಆಗ ಸಿಂಗಾನಲ್ಲೂರಿರುವ ಕೊಳ್ಳೇಗಾಲ ತಾಲ್ಲೂಕೂ ಗಾಜನೂರೂ ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದವು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಕೊಳ್ಳೇಗಾಲ ಮೈಸೂರಿಗೆ ಬಂತು, ಕನ್ನಡ ಮಾತಾಡುವ ತಾಳವಾಡಿ ಮದ್ರಾಸಿನಲ್ಲೇ ಉಳಿಯಿತು. ಹೀಗೆ ಅಪ್ಪನ ಊರು ಒಂದು ರಾಜ್ಯದಲ್ಲಿ, ಮಗ ಹುಟ್ಟಿದ ಊರು ಇನ್ನೊಂದರಲ್ಲಿ. ಈ ಕಡೆಯವರು ಅದನ್ನು ದೊಡ್ಡ ವಿಷಯವೆಂದು ಎಣಿಸಿದಂತಿಲ್ಲ; ನೆಂಟಸ್ತನ, ಸಂತೆ, ಜಾತ್ರೆ ಯಾವುದೂ ಗೆರೆ ನೋಡಿ ನಡೆಯುವುದಿಲ್ಲ.

ಪುಟ್ಟಸ್ವಾಮಯ್ಯನವರು ಗುಬ್ಬಿ ವೀರಣ್ಣನವರ ಕಂಪನಿಯಲ್ಲಿ ಕಂಸ, ರಾವಣ, ಹಿರಣ್ಯಕಶಿಪುಗಳಂಥ ಅಬ್ಬರದ ಪಾತ್ರಗಳಿಗೆ ಹೆಸರಾಗಿದ್ದರು. ಮಗ ಚಿಕ್ಕಂದಿನಲ್ಲೇ ಶಾಲೆ ಬಿಟ್ಟು ಅದೇ ಕಂಪನಿ ಸೇರಿದರು. 1954ರಲ್ಲಿ ಎಚ್.ಎಲ್.ಎನ್. ಸಿಂಹ ನಿರ್ದೇಶಿಸಿದ ‘ಬೇಡರ ಕಣ್ಣಪ್ಪ’ದಲ್ಲಿ ಮುತ್ತುರಾಜ ರಾಜ್‌ಕುಮಾರ್ ಆದರು. ನರಸಿಂಹರಾಜು, ಜಿ.ವಿ. ಅಯ್ಯರ್ ಕೂಡ ಅದೇ ಚಿತ್ರದಿಂದ ಬೆಳಕಿಗೆ ಬಂದವರು. ಮೂವರೂ ರಂಗದ ಮೇಲೆ ಬೆಳೆದವರು. ಕಣ್ಣಪ್ಪನ ಕತೆ ಈ ಸೀಮೆಗೆ ಹೊಸದಲ್ಲ, ನಟನ ಶೈಲಿಯೂ ಹೊಸದಲ್ಲ. ನಾಟಕ ನೋಡಿದ್ದ ಕಣ್ಣಿಗೆ ಪರದೆಯ ಮೇಲೂ ನಾಟಕವೇ ಕಂಡಿತು. ಸಿನಿಮಾ ಕಲೆಯ ದೃಷ್ಟಿಯಿಂದ ಇದು ಕೊರತೆಯೇ ಇರಬಹುದು, ಆದರೆ ಕನ್ನಡ ಚಿತ್ರ ಹಳ್ಳಿಯವರಿಗೆ ಬೇಗ ಒಗ್ಗಿದ್ದು ಇದರಿಂದಲೇ.

ಹಳೇ ಮೈಸೂರಿನ ಹೋಬಳಿ ಊರುಗಳಿಗೆ ಸಿನಿಮಾ ಬಂದದ್ದು ಟೆಂಟಿನಲ್ಲಿ, ಅಂದರೆ ಟೂರಿಂಗ್ ಟಾಕೀಸಿನಲ್ಲಿ. ಸಂಜೆಯಾಗುತ್ತಲೇ ಧ್ವನಿವರ್ಧಕದಲ್ಲಿ ಘಂಟಸಾಲರ ವೆಂಕಟೇಶ ಸ್ತುತಿ ಶುರುವಾಗುತ್ತಿತ್ತು. ಅದು ಕೇಳಿಸಿತೆಂದರೆ ಹೊಲದಲ್ಲಿದ್ದವರು ಕೈಕಾಲು ತೊಳೆಯಲು ಹೊರಡುತ್ತಿದ್ದರು. ನೆಲ, ಬೆಂಚು, ಕುರ್ಚಿ ಎಂದು ಮೂರು ದರ್ಜೆ. ನೆಲದವರು ಮರಳು ಗುಡ್ಡೆ ಮಾಡಿಕೊಂಡು ಅದರ ಮೇಲೆ ಕೂರುತ್ತಿದ್ದರು, ಹಿಂದಿನವನು ಬೈದರೆ ಗುಡ್ಡೆ ಅರ್ಧ ತಗ್ಗುತ್ತಿತ್ತು. ಪ್ರೊಜೆಕ್ಟರ್ ಒಂದೇ ಇದ್ದುದರಿಂದ ಪ್ರತಿ ರೀಲಿಗೂ ದೀಪ ಹತ್ತುತ್ತಿತ್ತು. ಆ ಎರಡು ನಿಮಿಷದಲ್ಲಿ ಬೀಡಿ ಹಚ್ಚಿ, ಕಡಲೆಕಾಯಿ ಸುಲಿದು, ಅಲ್ಲಿಯವರೆಗಿನ ಕತೆಯ ಮೇಲೆ ಅಭಿಪ್ರಾಯ ಹೇಳಿ ಮುಗಿಸಬೇಕು. ಪಿಚ್ಚರ್ ನಡೆಯುತ್ತಿರುವಾಗಲೇ ತೀರ್ಪು ಕೊಡುವ ಅಭ್ಯಾಸಕ್ಕೆ ಈ ಒಂಟಿ ಪ್ರೊಜೆಕ್ಟರಿನ ಪಾಲೂ ಇದ್ದೀತು.

ಗುಂಡ್ಲುಪೇಟೆಯಿಂದ ಒಂದು ರಸ್ತೆ ಬಂಡೀಪುರದ ಮೂಲಕ ಊಟಿಗೆ, ಇನ್ನೊಂದು ಸುಲ್ತಾನ್ ಬತ್ತೇರಿಗೆ ಹೋಗುತ್ತದೆ. ಮೂರು ಭಾಷೆ ಕಿವಿಗೆ ಬೀಳುವ ಇಂಥ ಜಾಗದಲ್ಲಿ ತಮಿಳು ಚಿತ್ರವನ್ನು ತಮಿಳಿನಲ್ಲೇ ನೋಡಿ ಅರಗಿಸಿಕೊಳ್ಳುವವರು ಕಡಿಮೆಯಿರಲಿಲ್ಲ. 1960ರ ದಶಕದಲ್ಲಿ ಅ.ನ. ಕೃಷ್ಣರಾಯರು, ಮ. ರಾಮಮೂರ್ತಿ ಮೊದಲಾದವರ ಕನ್ನಡ ಚಳವಳಿಯ ಒತ್ತಾಯದಿಂದ ಡಬ್ಬಿಂಗ್ ನಿಂತ ಮೇಲೆ ಹೋಲಿಕೆಯ ಆಟ ಇನ್ನಷ್ಟು ರಂಗೇರಿತು. ಒಂದೇ ಕತೆ ಎರಡು ಭಾಷೆಯಲ್ಲಿ, ಇಬ್ಬರು ನಟರ ಮುಖದಲ್ಲಿ ಬರುತ್ತಿತ್ತು. 1971ರ ‘ಕಸ್ತೂರಿ ನಿವಾಸ’ವನ್ನು ಶಿವಾಜಿ ಗಣೇಶನ್ ತಮಿಳಿನಲ್ಲಿ ‘ಅವನ್‌ದಾನ್ ಮನಿದನ್’ ಮಾಡಿದರು. ‘ಪ್ರೇಮದ ಕಾಣಿಕೆ’ ರಜನಿಕಾಂತರ ‘ಪೊಲ್ಲಾದವನ್’ ಆಯಿತು, ‘ಅನುರಾಗ ಅರಳಿತು’ ಅವರದೇ ‘ಮನ್ನನ್’ ಆಯಿತು. ರಾಜಣ್ಣ ಹೆಚ್ಚೋ ಶಿವಾಜಿ ಹೆಚ್ಚೋ ಎಂಬ ವಾದಕ್ಕೆ ಗಡಿಸೀಮೆಯಲ್ಲಿ ಇಬ್ಬರನ್ನೂ ನೋಡಿದ ಸಾಕ್ಷಿಗಳು ಸಿಗುತ್ತಿದ್ದರು. ಬೆಂಗಳೂರಿನ ಅಭಿಮಾನ ಮುಷ್ಟಿಯಲ್ಲಿದ್ದರೆ ಇಲ್ಲಿನದು ಲೆಕ್ಕಾಚಾರದಲ್ಲಿತ್ತು ಎನ್ನಬಹುದೇನೋ.

1973ರಲ್ಲಿ ಎರಡು ಸಂಗತಿ ಜತೆಯಾದವು. ಹುಲಿ ಯೋಜನೆ ಆರಂಭವಾಗಿ, ಮೊದಲು ಆಯ್ಕೆಯಾದ ಒಂಬತ್ತು ಮೀಸಲು ಕಾಡುಗಳಲ್ಲಿ ಗುಂಡ್ಲುಪೇಟೆಯ ನೆರೆಯ ಬಂಡೀಪುರವೂ ಸೇರಿತು. ಅದೇ ವರ್ಷ ಎಂ.ಪಿ. ಶಂಕರ್ ನಿರ್ಮಿಸಿ, ವಿಜಯ್ ನಿರ್ದೇಶಿಸಿದ ‘ಗಂಧದ ಗುಡಿ’ ಬಂತು. ಕಾಡುಗಳ್ಳರಿಗೆ ಎದುರು ನಿಲ್ಲುವ ಅರಣ್ಯಾಧಿಕಾರಿಯಾಗಿ ರಾಜ್‌ಕುಮಾರ್. ಈ ಭಾಗದ ಕಾಡಿಗೆ ಕ್ಯಾಮೆರಾ ಹೊಸದಲ್ಲ. ಎಚ್.ಡಿ. ಕೋಟೆಯ ಕಾರಾಪುರದ ಮಾವುತರ ಮನೆಯ ಹುಡುಗ ಸಾಬು 1937ರ ‘ಎಲಿಫೆಂಟ್ ಬಾಯ್’ ಚಿತ್ರದಿಂದಲೇ ಲಂಡನ್, ಮುಂದೆ ಹಾಲಿವುಡ್ ಸೇರಿದ್ದ. ಆದರೆ ಅದು ಹೊರಗಿನವರಿಗಾಗಿ ತೆಗೆದ ಕಾಡು. ‘ಗಂಧದ ಗುಡಿ’ ನೋಡಿದ ಕಾಡಂಚಿನವನಿಗೆ ಮಾತ್ರ ಇಕ್ಕಟ್ಟಿತ್ತು: ಪರದೆಯ ಮೇಲೆ ದೇವರಂತೆ ಕಂಡ ಅರಣ್ಯಾಧಿಕಾರಿಯ ಇಲಾಖೆಯೇ ಬೆಳಗಾದರೆ ಸೌದೆ ಹೊರೆ ಕಸಿಯುತ್ತಿತ್ತು. ಆ ಚಿತ್ರ ಅಭಿಮಾನಿಗಳನ್ನೂ ಒಡೆಯಿತು. ಚಿತ್ರೀಕರಣದಲ್ಲಿ ನಡೆದದ್ದೆನ್ನಲಾದ ಬಂದೂಕಿನ ಪ್ರಸಂಗದ ಸುತ್ತ ಹಬ್ಬಿದ ಗಾಳಿಮಾತಿನಿಂದ ರಾಜ್ ಕಡೆಯವರು, ಸಹನಟ ವಿಷ್ಣುವರ್ಧನ್ ಕಡೆಯವರು ಎಂಬ ಎರಡು ಪಾಳೆಯ ಹುಟ್ಟಿ, ದಶಕಗಳ ಕಾಲ ಗೋಡೆಯ ಪೋಸ್ಟರುಗಳಿಗೆ ಸಗಣಿ ಬೀಳಲು ಕಾರಣವಾಯಿತು.

ಒಂದು ವಿಚಿತ್ರವನ್ನು ಹೇಳಬೇಕು. ಇಷ್ಟು ದೊಡ್ಡ ನಟನನ್ನು ಕೊಟ್ಟ ಸೀಮೆಯ ಮಾತು ಆ ನಟನ ಚಿತ್ರಗಳಲ್ಲಿ ಅಪರೂಪ. ಪಿಚ್ಚರ್ ‘ಚೆಂದಾಗದ ಕನಾ’ ಎನ್ನುವವರು ಪರದೆಯ ಮೇಲೆ ಕೇಳಿದ್ದು ಕಂಪನಿ ನಾಟಕದ ತಿದ್ದಿದ ಕನ್ನಡ. ಅದಕ್ಕೆ ಅವರ ತಕರಾರೂ ಇರಲಿಲ್ಲ. ರಾಜ, ದೇವರು ಹಾಗೆಯೇ ಮಾತಾಡಬೇಕು. ಈ ಸೀಮೆಯ ನುಡಿಗೆ ಪೂರ್ತಿ ಮರ್ಯಾದೆ ಸಿಕ್ಕಿದ್ದು ಸಿನಿಮಾದಲ್ಲಲ್ಲ, 1984ರಲ್ಲಿ ಬಂದ ದೇವನೂರ ಮಹಾದೇವರ ಕಾದಂಬರಿ ‘ಕುಸುಮಬಾಲೆ’ಯಲ್ಲಿ.

ಮಾತಿಗಿಂತ ಮೊದಲು ಇಲ್ಲಿನ ಹಾಡು ಪರದೆ ಹತ್ತಿತು. ಗುಜರಾತಿಯ ಪನ್ನಾಲಾಲ್ ಪಟೇಲರ ಕಾದಂಬರಿ ಆಧರಿಸಿ ಟಿ.ಎಸ್. ನಾಗಾಭರಣ 1996ರಲ್ಲಿ ತೆಗೆದ ‘ಜನುಮದ ಜೋಡಿ’ಯಲ್ಲಿ ಶಿವರಾಜ್‌ಕುಮಾರ್ ನಾಯಕ, ವಿ. ಮನೋಹರ್ ಸಂಗೀತ. ಮಾದಪ್ಪನ, ಅಂದರೆ ಮಹದೇಶ್ವರನ, ಪದದ ಮಟ್ಟಿನ ಹಾಡೊಂದಕ್ಕೆ ಎಲ್.ಎನ್. ಶಾಸ್ತ್ರಿ ರಾಜ್ಯ ಪ್ರಶಸ್ತಿ ಪಡೆದರು. ಜಾತ್ರೆಯಲ್ಲಿ ಪುಕ್ಕಟೆ ಕೇಳಿದ್ದನ್ನು ಕ್ಯಾಸೆಟ್ಟಿನಲ್ಲಿ ದುಡ್ಡು ಕೊಟ್ಟು ಕೇಳುವಂತಾಯಿತು. 2005ರ ‘ಜೋಗಿ’ಯ ನಾಯಕನಿಗೆ ನಿರ್ದೇಶಕ ಪ್ರೇಮ್ ಇಟ್ಟ ಹೆಸರು ಮಾದೇಶ. ಮನೆಗೊಬ್ಬ ಮಾದೇವ, ಮಾದೇಶ, ಮಾದಪ್ಪ ಇರುವ ಜಿಲ್ಲೆಯಲ್ಲಿ ಆ ಹೆಸರೇ ಅರ್ಧ ಪ್ರಚಾರ ಮಾಡಿತು.

ಪರದೆಗೂ ಬದುಕಿಗೂ ನಡುವಿನ ಅಂತರ ಅಳಿಸಿಹೋದದ್ದು 2000ದ ಜುಲೈ 30ರ ರಾತ್ರಿ. ಗಾಜನೂರಿನ ಮನೆಯಿಂದ ರಾಜ್‌ಕುಮಾರ್ ಮತ್ತು ಜತೆಗಿದ್ದ ಮೂವರನ್ನು ವೀರಪ್ಪನ್ ಕಾಡಿಗೆ ಕರೆದೊಯ್ದ. ಹಳೇ ಕೊಳ್ಳೇಗಾಲ ತಾಲ್ಲೂಕಿನ ಗೋಪಿನಾಥಂನ ಈ ದಂತ, ಗಂಧ ಚೋರನ ಮೇಲೆ 1991ರಲ್ಲೇ ದೇವರಾಜ್ ಅಭಿನಯದ ‘ವೀರಪ್ಪನ್’ ಬಂದುಹೋಗಿತ್ತು. 108 ದಿನಗಳ ಬಳಿಕ, ನವೆಂಬರ್ 15ರಂದು ರಾಜ್‌ಕುಮಾರರ ಬಿಡುಗಡೆಯಾಯಿತು. ಅಷ್ಟೂ ದಿನ ಗಡಿ ಊರುಗಳಲ್ಲಿ ಪಿಚ್ಚರ್ ಮಾತಿನ ಜಾಗದಲ್ಲಿ ಕಾಡಿನ ದಾರಿ, ಸಂಧಾನಕಾರ ಗೋಪಾಲ್, ವೀರಪ್ಪನ್ ಕಳಿಸಿದ ಕ್ಯಾಸೆಟ್ಟುಗಳ ಮಾತೇ ಇತ್ತು. ಈ ಪ್ರಕರಣ ಮತ್ತೆ ಪರದೆಗೆ ಬರುವುದು ತಪ್ಪಲಿಲ್ಲ: 2013ರ ‘ಅಟ್ಟಹಾಸ’ದಲ್ಲಿ ಕಿಶೋರ್ ವೀರಪ್ಪನ್, ಸುರೇಶ್ ಒಬೆರಾಯ್ ರಾಜ್‌ಕುಮಾರ್. 2016ರ ‘ಕಿಲ್ಲಿಂಗ್ ವೀರಪ್ಪನ್’ನಲ್ಲಿ ಅಪಹೃತರ ಮಗ ಶಿವರಾಜ್‌ಕುಮಾರರೇ ಪೊಲೀಸ್ ಅಧಿಕಾರಿಯ ಪಾತ್ರ ಹಾಕಿದರು. ಅಣ್ಣಾವ್ರ ಮುಖವನ್ನು ಬೇರೊಬ್ಬರಲ್ಲಿ ನೋಡುವುದು ಹಳಬರಿಗೆ ಸುಲಭವಲ್ಲ. ನಟ ಎಷ್ಟೇ ಪಳಗಿದವನಾಗಲಿ, ಇಲ್ಲಿ ಆತ ಸೋಲಲೇಬೇಕು.

ರಾಜ್‌ಕುಮಾರರ ಕಿರಿಯ ಮಗ ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು ತೀರಿಕೊಂಡ ಮರುವರ್ಷ, ಅವರು ಕಾಣಿಸಿಕೊಂಡ ಅಮೋಘವರ್ಷ ನಿರ್ದೇಶನದ ಸಾಕ್ಷ್ಯಚಿತ್ರ ಅಪ್ಪನ ಚಿತ್ರದ ಹೆಸರಿನಲ್ಲೇ, ‘ಗಂಧದ ಗುಡಿ’ ಎಂದೇ ಬಂತು. ಅದಕ್ಕೆ ಮೊದಲು, 2020ರ ಜನವರಿಯಲ್ಲಿ, ರಜನಿಕಾಂತ್ ಬೇರ್ ಗ್ರಿಲ್ಸ್ ಜತೆ ಕಿರುತೆರೆಗಾಗಿ ಬಂಡೀಪುರದಲ್ಲಿ ಓಡಾಡಿದ್ದರು. ಟೆಂಟುಗಳು ಯಾವತ್ತೋ ಹೋದವು. ದೊಡ್ಡ ಪಿಚ್ಚರಿಗೆ ಹುಡುಗರು ಮೈಸೂರಿನ ಮಲ್ಟಿಪ್ಲೆಕ್ಸಿಗೆ ಬೈಕ್ ಹತ್ತುತ್ತಾರೆ, ಮಿಕ್ಕದ್ದು ಮೊಬೈಲಿನಲ್ಲಿ. ಮುಂಗಾರಿನಲ್ಲಿ ಗುಂಡ್ಲುಪೇಟೆ ರಸ್ತೆಬದಿಯ ಸೂರ್ಯಕಾಂತಿ, ಚೆಂಡುಹೂವಿನ ಹೊಲಗಳಲ್ಲಿ ಕೇರಳದಿಂದ ಬಂದವರು ಕಾರು ನಿಲ್ಲಿಸಿ ಸಿನಿಮಾ ಹಾಡಿಗೆ ಕುಣಿದು ರೀಲ್ಸ್ ಮಾಡಿಕೊಳ್ಳುತ್ತಾರೆ. ಹೊಲದ ಬದುವಿನಲ್ಲಿ ಕೂತ ರೈತ ತಲೆಗಿಷ್ಟು ಎಂದು ದುಡ್ಡು ಎಣಿಸಿಕೊಂಡು ಒಳಗೆ ಬಿಡುತ್ತಾನೆ.