ವಿದ್ಯಾರ್ಥಿನಿಲಯಗಳ ಪಾಲಕವರ್ಗ: ಉಡುಪಿ ಸೀಮೆಯ ಒಂದು ವಿಚಾರ

ವಿದ್ಯಾಸಂಸ್ಥೆಗಳ ಚರಿತ್ರೆಯನ್ನು ಬರೆಯುವವರು ಸ್ಥಾಪಕರನ್ನೂ ಅಧ್ಯಾಪಕರನ್ನೂ ಸ್ಮರಿಸುವುದು ವಾಡಿಕೆ. ವಿದ್ಯಾರ್ಥಿನಿಲಯಗಳನ್ನು ನಡೆಸಿದ ಮೇಲ್ವಿಚಾರಕರು, ಅಡಿಗೆಯವರು, ಕಾವಲುಗಾರರು ಆ ಪುಟಗಳಲ್ಲಿ ಕಾಣಸಿಗುವುದು ಅಪೂರ್ವ. ಇವರು ತಮ್ಮ ಕೆಲಸವನ್ನು ಯಾರಿಂದ ಕಲಿಯಬೇಕು ಎಂಬ ಪ್ರಶ್ನೆ ವಿಚಾರಾರ್ಹವಾದುದು.

ಡಾ. ಟಿ. ಎಂ. ಎ. ಪೈಯವರು 1953ರಲ್ಲಿ ಮಣಿಪಾಲದ ಬೋಳುಗುಡ್ಡದ ಮೇಲೆ ಕಸ್ತೂರ್ಬಾ ಮೆಡಿಕಲ್ ಕಾಲೇಜನ್ನು ಆರಂಭಿಸಿದಾಗ ಈ ಸೀಮೆಯು ಮದರಾಸು ಪ್ರಾಂತಕ್ಕೆ ಸೇರಿತ್ತು. 1957ರಲ್ಲಿ ಅಲ್ಲಿಯೇ ಇಂಜಿನಿಯರಿಂಗ್ ಕಾಲೇಜು, 1960ರಲ್ಲಿ ಕಾರ್ಕಳದಲ್ಲಿ ಭುವನೇಂದ್ರ ಕಾಲೇಜು, 1986ರಲ್ಲಿ ಕಾರ್ಕಳ ತಾಲೂಕಿನ ನಿಟ್ಟೆಯಲ್ಲಿ ಮತ್ತೊಂದು ಇಂಜಿನಿಯರಿಂಗ್ ಕಾಲೇಜು ಹುಟ್ಟಿದುವು. 1993ರಲ್ಲಿ ಮಣಿಪಾಲದ ಸಂಸ್ಥೆಯು ವಿಶ್ವವಿದ್ಯಾನಿಲಯವೆಂದು ಪರಿಗಣಿತವಾಯಿತು. ದೂರದೇಶಗಳಿಂದ ವಿದ್ಯಾರ್ಥಿಗಳು ಬರತೊಡಗಿದಂತೆ ನಿಲಯವು ಕೇವಲ ಸೌಕರ್ಯವಾಗಿ ಉಳಿಯದೆ ಅವರ ಎರಡನೆಯ ಮನೆಯಾಯಿತು.

ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 2009ರಲ್ಲಿ ಹೊರಡಿಸಿದ ರ್ಯಾಗಿಂಗ್ ನಿಷೇಧದ ನಿಯಮಾವಳಿಯು ಪ್ರತಿಯೊಂದು ನಿಲಯಕ್ಕೂ ಪೂರ್ಣಾವಧಿಯ ಪಾಲಕರಿರಬೇಕೆಂದು ವಿಧಿಸಿತು. ಅವರು ನಿಲಯದಲ್ಲಿಯೇ ಅಥವಾ ಸಮೀಪದಲ್ಲಿ ವಾಸಿಸಬೇಕು. ಎಲ್ಲ ವೇಳೆಯಲ್ಲಿಯೂ ದೊರೆಯಬೇಕು. ಶಿಸ್ತನ್ನು ಕಾಪಾಡುವ ಶಕ್ತಿಯೊಡನೆ ತರುಣರಿಗೆ ಸಮಾಧಾನ ಹೇಳುವ ನೈಪುಣ್ಯವೂ ಅವರಲ್ಲಿರಬೇಕು. ನಿಯಮವು ಹುದ್ದೆಯನ್ನು ಸೃಷ್ಟಿಸಬಲ್ಲುದು, ವಿವೇಕವನ್ನಲ್ಲ. ಪರೀಕ್ಷೆಯಲ್ಲಿ ಸೋತು ಕದವಿಕ್ಕಿಕೊಂಡ ಹುಡುಗನೊಡನೆ ನಡುರಾತ್ರಿಯಲ್ಲಿ ಹೇಗೆ ಮಾತನಾಡಬೇಕು, ಯಾವಾಗ ವೈದ್ಯರನ್ನು ಕರೆಯಬೇಕು ಎಂಬುದನ್ನು ಅನುಭವಿಗಳಿಂದಲೇ ಕಲಿಯಬೇಕು. ಆ ಅರಿವಿನ ಕೊರತೆಗೆ ಬೆಲೆ ತೆರುವವನು ವಿದ್ಯಾರ್ಥಿ.

ಈ ವಿಷಯದಲ್ಲಿ ಉಡುಪಿಯ ಪರ್ಯಾಯಪದ್ಧತಿಯು ಮನನೀಯವಾಗಿದೆ. ಅಷ್ಟಮಠಗಳು ಎರಡೆರಡು ವರ್ಷ ಸರದಿಯಿಂದ ಶ್ರೀಕೃಷ್ಣಮಠದ ಪೂಜೆಯನ್ನೂ ಅನ್ನದಾನವನ್ನೂ ನಿರ್ವಹಿಸುತ್ತವೆ. ಹೊಣೆಯನ್ನು ಬಿಡುವವರು ಅಕ್ಷಯಪಾತ್ರೆಯನ್ನೂ ಸಟ್ಟುಗವನ್ನೂ ಹೊಣೆ ಹೊರುವವರಿಗೆ ಒಪ್ಪಿಸುತ್ತಾರೆ. ಇದಕ್ಕೂ ಬಹಳ ಮುಂಚಿತವಾಗಿ ಬಾಳೆ, ಅಕ್ಕಿ, ಕಟ್ಟಿಗೆ, ಭತ್ತದ ಮುಹೂರ್ತಗಳು ನಡೆದಿರುತ್ತವೆ. ಸಿದ್ಧತೆ ಮೊದಲು, ಅಧಿಕಾರ ಆಮೇಲೆ. ಇದೇ ಇಲ್ಲಿಯ ಕ್ರಮ.

ನಿಲಯಗಳ ಸಿಬ್ಬಂದಿಗೂ ಇಂತಹದೊಂದು ಕ್ರಮ ಅಗತ್ಯ. ಹೊಸಬರು ಕೆಲವು ವಾರ ಹಳಬರ ಜೊತೆಯಲ್ಲಿದ್ದು ಕೀಲಿಕೈಯೊಡನೆ ಅನುಭವವನ್ನೂ ಪಡೆಯಬೇಕು. ಮಣಿಪಾಲದಂತಹ ಊರಿನಲ್ಲಿ ಪಾಲಕರಿಗೆ ನೆರೆಯ ನಿಲಯದವರು ದೊರೆತಾರು. ಕಾಪುವಿನಂತಹ ಚಿಕ್ಕ ಊರಿನಲ್ಲಿ ಒಬ್ಬರೇ ಇದ್ದರೆ ಕೇಳಿ ತಿಳಿಯುವುದಕ್ಕೆ ಸಹೋದ್ಯೋಗಿಗಳೇ ಇರರು. ಆದುದರಿಂದ ಉಡುಪಿ, ಕಾಪು, ಕಾರ್ಕಳಗಳ ಪಾಲಕರೂ ಅಡಿಗೆಯವರೂ ಕಾವಲುಗಾರರೂ ಆಗಾಗ ಒಂದೆಡೆ ಕಲೆತು, ವಿದ್ಯಾರ್ಥಿಗಳ ಹೆಸರೆತ್ತದೆ ತಮ್ಮ ಕಷ್ಟಗಳನ್ನು ಚರ್ಚಿಸುವುದು ಯುಕ್ತ. ಅಲ್ಲಿ ಬರೆದಿಟ್ಟ ಸಂಗತಿಗಳು ಇಂದಿನ ಸಿಬ್ಬಂದಿಗೆ ಆಸರೆಯಾದಾವು, ನಾಳಿನ ಚರಿತ್ರಕಾರನಿಗೆ ಆಧಾರವೂ ಆದಾವು.