ಗೇಣಿಯೂ ಮೃಗಬಾಧೆಯೂ: ದಕ್ಷಿಣ ಕನ್ನಡದಲ್ಲಿ ಮನೆಯೊಡೆಯನ ಹೊಣೆ

ಬಾಡಿಗೆಯ ಮನೆಗೆ ಕಾಡುಪ್ರಾಣಿ ಹೊಕ್ಕರೆ ಅದರಿಂದಾದ ಹಾನಿಯನ್ನು ಸರಿಪಡಿಸುವ ಭಾರ ಒಡೆಯನದೋ, ಒಕ್ಕಲಿನದೋ? ಬಂಟ್ವಾಳ ತಾಲೂಕಿನ ನರಿಕೊಂಬು ಮೊದಲಾದ ಗ್ರಾಮಗಳಲ್ಲಿ ಗುಡ್ಡ, ತೋಟ, ಮನೆಗಳು ಒಂದನ್ನೊಂದು ತಾಗಿಕೊಂಡಿರುವುದರಿಂದ ಇದು ಬರಿಯ ತರ್ಕದ ಪ್ರಶ್ನೆಯಲ್ಲ. ನರಿಕೊಂಬಿನ ಹೆಸರಿನಲ್ಲಿ ನರಿಯನ್ನು ಕಂಡು ಮೃಗಬಾಧೆಯ ಚರಿತ್ರೆಯನ್ನು ಊಹಿಸುವುದು ಸಲ್ಲದು. ಉತ್ತರವನ್ನು ನಾವು ಅರಸಬೇಕಾದುದು ಗೇಣಿಯ ಪದ್ಧತಿಯಲ್ಲಿ.

1799ರಲ್ಲಿ ಈ ಸೀಮೆಯು ಈಸ್ಟ್ ಇಂಡಿಯಾ ಕಂಪೆನಿಯ ವಶವಾದ ತರುವಾಯವೂ ಮೂಲಗೇಣಿ, ಚಾಲಗೇಣಿಗಳೆಂಬ ಹಳೆಯ ಒಕ್ಕಲುತನಗಳು ಮುಂದುವರಿದುವು. ಗೊತ್ತಾದ ಗೇಣಿಯನ್ನು ಸಲ್ಲಿಸುವ ಮೂಲಗೇಣಿದಾರನಿಗೆ ವಂಶಪಾರಂಪರ್ಯವಾದ ಹಕ್ಕಿತ್ತು. ಚಾಲಗೇಣಿದಾರನ ಇರವು ಒಡೆಯನ ಇಚ್ಛೆಯನ್ನು ಅವಲಂಬಿಸಿತ್ತು. ವರ್ಗದ ಸಾಗುವಳಿ ಭೂಮಿಯಿಂದ 100 ಗಜದೊಳಗಿನ ಕುಮ್ಕಿಯ ಸೊಪ್ಪುಸೌದೆಗಳ ಸೌಕರ್ಯ ವರ್ಗದಾರನಿಗೆ ಸೇರಿತ್ತು. ಹಂದಿ, ಚಿರತೆಗಳಿಗೆ ಮರೆಯಾಗುವ ಪೊದೆಗಳು ಬೆಳೆಯುವುದು ಇಂತಹ ನೆಲದಲ್ಲಿಯೇ. ಆದರೂ ಬೇಲಿ ಕಟ್ಟಿ ರಾತ್ರಿ ಕಾಯುವ ದುಡಿಮೆ ಒಕ್ಕಲಿನದಾಗಿತ್ತು. ಮೂಲಗೇಣಿದಾರನಿಗೆ ಅದು ಅನ್ಯಾಯವೆನಿಸದು, ಏಕೆಂದರೆ ಅವನು ಕಾಯುತ್ತಿದ್ದುದು ತನ್ನ ಮಕ್ಕಳಿಗೆ ಉಳಿಯುವ ಮನೆಯನ್ನು. ಚಾಲಗೇಣಿದಾರನಿಗೆ ಹೊಣೆ ಮಾತ್ರ ಇತ್ತು, ಭದ್ರತೆ ಇರಲಿಲ್ಲ.

1882ರ ಸ್ವತ್ತು ವರ್ಗಾವಣೆ ಕಾಯಿದೆಯು ಕೃಷಿಗೇಣಿಯನ್ನು ಹೊರಗಿಟ್ಟು, ಮನೆಬಾಡಿಗೆಗೆ ನಿಯಮಗಳನ್ನು ವಿಧಿಸಿತು. ಅದರ 108ನೆಯ ಪ್ರಕರಣದಂತೆ, ಸಾಮಾನ್ಯ ಎಚ್ಚರದಿಂದ ಒಕ್ಕಲಿಗೆ ಕಾಣದಿರುವ, ತನಗೆ ತಿಳಿದಿರುವ ಮುಖ್ಯ ದೋಷವನ್ನು ಒಡೆಯನು ತಿಳಿಸಬೇಕು. ಹಾವುಗಳು ಬಂದು ಸೇರುವ ಬಿಲವನ್ನು ಮುಚ್ಚಿಟ್ಟು ಮನೆ ಕೊಡುವುದು ಈ ನಿಯಮಕ್ಕೆ ಒಪ್ಪುವುದಿಲ್ಲವೆಂದು ನಮ್ಮ ಅಭಿಪ್ರಾಯ. ಒಡೆಯನು ತಾನು ಮಾಡಬೇಕಾದ ದುರಸ್ತಿಯನ್ನು ಸೂಚನೆಯ ನಂತರವೂ ಉಪೇಕ್ಷಿಸಿದರೆ, ಒಕ್ಕಲು ತಾನೇ ಮಾಡಿಸಿ ವೆಚ್ಚವನ್ನು ಬಡ್ಡಿಸಹಿತ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಆದರೆ ಯಾವ ದುರಸ್ತಿ ಯಾರದೆಂಬುದನ್ನು ಕಾಯಿದೆ ಕರಾರಿಗೂ ಸ್ಥಳೀಯ ರೂಢಿಗೂ ಬಿಟ್ಟಿದೆ. ಹಂಚು ಜಾರಿದ ಕಂಡಿಯಿಂದ ಪುನುಗುಬೆಕ್ಕು ಅಟ್ಟ ಸೇರಿದಾಗ ಕಲಹ ಹುಟ್ಟುವುದು ಇಲ್ಲಿಯೇ.

1974ರ ಮಾರ್ಚ್ 1ರಂದು ಗೇಣಿಭೂಮಿ ಸರಕಾರದಲ್ಲಿ ನಿಹಿತವಾಗಿ, ಅರ್ಜಿ ಸಲ್ಲಿಸಿ ಹಕ್ಕು ಪಡೆದ ಒಕ್ಕಲೇ ಒಡೆಯನಾದನು. ಇಂದು ಒಕ್ಕಲಾಗಿ ಉಳಿದವರಲ್ಲಿ ಬಹುಮಂದಿ ತಿಂಗಳ ಬಾಡಿಗೆಯ ಬಿಡಾರದವರು. ಬೇರೆ ಕರಾರಿಲ್ಲದಿದ್ದರೆ 1882ರ ಕಾಯಿದೆಯಂತೆ 15 ದಿನಗಳ ಸೂಚನೆಯಿಂದ ಅವರ ವಾಸ ಮುಗಿಯಬಹುದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಸಂರಕ್ಷಿತ ಪ್ರಾಣಿಯನ್ನು ಅನುಮತಿಯಿಲ್ಲದೆ ಹಿಡಿಯುವುದೂ ಕೊಲ್ಲುವುದೂ ಅಪರಾಧ. ಪ್ರಾಣರಕ್ಷಣೆಯ ಸಂದರ್ಭ ಇದಕ್ಕೆ ಹೊರತು. ಆದುದರಿಂದ ಚಿರತೆಯನ್ನು ಸಾಗಿಸುವ ಕಾರ್ಯ ಒಡೆಯನದೂ ಅಲ್ಲ, ಒಕ್ಕಲಿನದೂ ಅಲ್ಲ, ಅರಣ್ಯ ಇಲಾಖೆಯದು.

ಕಾವಲು ಒಕ್ಕಲಿನದೆಂಬ ಹಳೆಯ ರೂಢಿಗೆ ನ್ಯಾಯದ ಆಧಾರವಿದ್ದುದು ಮೂಲಗೇಣಿಯ ಶಾಶ್ವತತೆಯಲ್ಲಿ. ಆ ಶಾಶ್ವತತೆ ಈಗ ಮನೆಯೊಡೆಯನಲ್ಲಿದೆ. ಆದಕಾರಣ ಮಾಡು, ಗೋಡೆ, ಬಾಗಿಲುಗಳ ಭದ್ರತೆ ಅವನಿಗೂ, ದಿನದಿನದ ಶುಚಿತ್ವವೂ ಸಕಾಲದಲ್ಲಿ ಸೂಚನೆ ಕೊಡುವುದೂ ಒಕ್ಕಲಿಗೂ ಸೇರತಕ್ಕದ್ದೆಂದು ನಾವು ಭಾವಿಸುತ್ತೇವೆ. ಕರಾರುಪತ್ರದಲ್ಲಿ ಇದನ್ನು ಮೊದಲೇ ಬರೆದಿಡುವುದು ಇಬ್ಬರಿಗೂ ಕ್ಷೇಮ.